ಮೂರನೇ ಗೋಲ್‌ಕೀಪರ್

"ಮೂರು ಮಂದಿ ಗೋಲ್‌ಕೀಪರ್ ಯಾಕ ಬೇಕಾಗಿತ್ತು ಅಂತೀನಿ? ಇಬ್ಬರನ್ನ ತಗೊಂಡು, ಎಡಗಡಿ ಡಿಫೆನ್ಸಿಗೆ ಇನ್ನೊಬ್ಬಾಕಿನ್ನ ಹಾಕ್ಕೊಂಡಿದ್ರ ತಂಡ ಅಗದಿ ಗಟ್ಟಿ ಆಗತಿತ್ತು."

ಕಟಿಂಗ್ ಅಂಗಡಿಯಲ್ಲಿ ಕೂತಿದ್ದ ಸಂಗನಬಸವ ಈ ಮಾತು ಹೇಳಿ ಮೊಬೈಲಿನಿಂದ ತಲೆ ಎತ್ತಿದ. ಅಂಗಡಿಯ ಫಯಾಜ್ ಕತ್ತಿ ಹಿಡಿದ ಕೈಯನ್ನು ಹಾಗೆಯೇ ನಿಲ್ಲಿಸಿ ಕನ್ನಡಿಯೊಳಗಿಂದ ಅವನನ್ನು ದುರುಗುಟ್ಟಿ ನೋಡುತ್ತಿದ್ದ. ಕುರ್ಚಿಯ ಮೇಲೆ ಮುಖದ ತುಂಬ ಸಾಬೂನಿನ ನೊರೆ ಮೆತ್ತಿಸಿಕೊಂಡು ಕೂತಿದ್ದವನು ಕರಿಸಿದ್ದಪ್ಪ. ಆ ನೊರೆಯಲ್ಲಿ ಸಂಗನಬಸವನಿಗೆ ಅವನ ಗುರುತು ಹತ್ತಿರಲಿಲ್ಲ. ಮೂರನೇ ಗೋಲ್‌ಕೀಪರ್ ಆಗಿ ದೇಶದ ಹೆಣ್ಣುಮಕ್ಕಳ ತಂಡಕ್ಕೆ ಆಯ್ಕೆಯಾಗಿದ್ದವಳು ಕರಿಸಿದ್ದಪ್ಪನ ಮಗಳು ಭಾಗ್ಯಾ.

"ಯಪ್ಪಾ, ನೀ ಇದ್ದೀಯೇನಪಾ! ನಾ ಭಾಗ್ಯಾಗ ಅಂದಿದ್ದಲ್ಲೋ..."

"ಅನ್ನು ಅನ್ನು. ಆಟದ ಮಾತು ಆಟದಾಗ ಇರ್ಲಿ," ಎಂದ ಕರಿಸಿದ್ದಪ್ಪ. ತುಟಿ ಆಡಿಸಿದ್ದಕ್ಕೆ ಒಂದಿಷ್ಟು ನೊರೆ ಬಾಯೊಳಗೆ ಹೋಯಿತು.

ಸಂಶಿಯ ಬಸ್ ನಿಲ್ದಾಣದ ಎದುರಿನ ಈ ಅಂಗಡಿಯಲ್ಲಿ ಫುಟ್‌ಬಾಲಿನ ಮಾತು ಹೊಸದಲ್ಲ. ಫಯಾಜ್ ಹರೆಯದಲ್ಲಿ ಹುಬ್ಬಳ್ಳಿಯ ತಂಡವೊಂದಕ್ಕೆ ಆಡುತ್ತಿದ್ದವನು. ಬೀಜ-ಗೊಬ್ಬರದ ಅಂಗಡಿ ಇಟ್ಟಿರುವ ಸಂಗನಬಸವನಿಗೆ ಧಾರವಾಡದ ಹಾಸ್ಟೆಲಿನಲ್ಲಿ ಓದುವಾಗ ಹತ್ತಿದ ಹುಚ್ಚು. ಮೊಬೈಲ್ ರಿಪೇರಿ ಮಾಡುವ ಈರೇಶ ಚೆಂಡನ್ನು ಒದ್ದವನೇ ಅಲ್ಲ, ಆದರೆ ಯಾವ ಆಟಗಾರನ ಯಾವ ಕಾಲಿಗೆ ಯಾವಾಗ ಪೆಟ್ಟಾಯಿತು ಎಂಬುದು ಅವನಿಗೆ ಬಾಯಿಪಾಠ. ಮೊದಲೆಲ್ಲ ಇವರ ಜಗಳ ಗಂಡಸರ ತಂಡದ ಮೇಲಿತ್ತು. ಬೆಳಗಾವಿಯಲ್ಲಿ ಆಡುತ್ತಿದ್ದ ಭಾಗ್ಯಾ ರಾಜ್ಯದ ತಂಡ ದಾಟಿ ದೇಶದ ಶಿಬಿರಕ್ಕೆ ಹೋದದ್ದೇ, ಮೂವರೂ ಗಂಡಸರನ್ನು ಕೈಬಿಟ್ಟು ಹೆಣ್ಣುಮಕ್ಕಳ ತಂಡವನ್ನು ಹಿಡಿದರು. ಈಗ ಗೋವಾದಲ್ಲಿ ನೇಪಾಳದ ಜೊತೆ ಎರಡು ಸ್ನೇಹಪಂದ್ಯ. ತಂಡದ ಹೆಸರುಗಳು ಹಿಂದಿನ ರಾತ್ರಿಯಷ್ಟೇ ಹೊರಬಿದ್ದಿದ್ದವು.

"ಸ್ನೇಹಪಂದ್ಯ ಇರೂದ ಅದಕ್ಕರಿ," ಎಂದ ಈರೇಶ. "ಗೆಲ್ಲಾಕಲ್ಲ, ಹಿಂದ ಯಾರ್ಯಾರು ಅದಾರ ಅಂತ ನೋಡಾಕ. ಮೊದಲಿನ ಹನ್ನೊಂದು ಮಂದಿ ಎಲ್ಲಾ ತಂಡದಾಗೂ ಚಲೋನ ಇರ್ತಾರ. ಒಬ್ಬಾಕಿ ಕಾಲು ಉಳುಕಿಸ್ಕೊಂಡ್ಳಂದ್ರ ಬೆಂಚಿನ ಮ್ಯಾಲಿಂದ ಯಾರು ಏಳ್ತಾರ? ತಂಡದ ತಾಕತ್ತು ಅಲ್ಲೈತಿ."

"ನಡುವಿನ ಸಾಲಿಗೇನು ಚಿಂತಿಲ್ಲ, ಒಬ್ಬಾಕಿಗೆ ಇಬ್ಬರು ತಯಾರದಾರ," ಎಂದು ಫಯಾಜ್ ಗದ್ದದ ಕೆಳಗೆ ಕತ್ತಿ ಆಡಿಸುತ್ತ ಹೇಳಿದ. "ಎಡಗಡಿ ಡಿಫೆನ್ಸಿಗೆ ಮಾತ್ರ ಒಬ್ಬಾಕೀನ. ಅಕಿ ದಣದ್ಳಂದ್ರ ಅಲ್ಲಿ ಬಾಗಲಾ ತಕ್ಕೊಂಡಂಗ."

"ನಾನೂ ಅದನ್ನ ಹೇಳಿದ್ದು," ಎಂದು ಸಂಗನಬಸವ ಸಣ್ಣ ದನಿಯಲ್ಲಿ ಸೇರಿಸಿದ.

ಮುಖ ಒರೆಸಿಕೊಂಡ ಮೇಲೆ ಕರಿಸಿದ್ದಪ್ಪ ಕುರ್ಚಿಯಿಂದ ಏಳದೆ ಕೇಳಿದ: "ಹಂಗಾದ್ರ ಮೂರ್ನೇ ಗೋಲ್‌ಕೀಪರಗೆ ಆಟ ಸಿಗೂದು ಯಾವಾಗ?"

ಈರೇಶ ಬೆರಳು ಮಡಿಚಿ ಎಣಿಸಿದ. "ಮೊದಲ್ನೇದಾಕಿ ಮಣಿಪುರದ ಹುಡುಗಿ. ಅಕಿನ್ನ ಬಿಟ್ಟು ಯಾರೂ ತಂಡ ಕಟ್ಟೂದಿಲ್ಲರಿ. ಎರಡ್ನೇದಾಕಿ ಸೆಲ್ವಿ. ಸ್ನೇಹಪಂದ್ಯ ಅಂದ್ಮ್ಯಾಲೆ ಅಕಿಗೂ ಒಂದೀಟು ಕೊಡ್ತಾರ. ಆದ್ರ ಅಕಿ ಮೊಣಕಾಲಿಗೆ ಪಟ್ಟಿ ಕಟ್ಟಿದ್ದು ಫೋಟೋದಾಗ ಕಾಣಾಕತ್ತೈತಿ ಕಾಕಾ. ಅಕಿ ಏನರ ಕುಂತ್ಳಂದ್ರ..."

"ಸೆಲ್ವಿ ಕುಂತ್ರ ನಮ್ಮ ಭಾಗ್ಯಾ ಎದ್ಲು!" ಫಯಾಜ್ ಟವೆಲನ್ನು ಫಟ್ಟನೆ ಕೊಡವಿದ.

ಅಂಗಡಿಗೇ ಒಮ್ಮೆಲೇ ಗೆಲುವು ಬಂತು. ಪಟ್ಟಿ ಕಟ್ಟಿದ ಫೋಟೋ ಹುಡುಕಲು ಮೂರು ತಲೆಗಳು ಈರೇಶನ ಮೊಬೈಲಿನ ಮೇಲೆ ಬಾಗಿದವು. ಕರಿಸಿದ್ದಪ್ಪ ಚಪ್ಪಲಿ ಮೆಟ್ಟಿ ಹೊರಗೆ ಬಂದ. ಅವನು ಅವರಿಗೆ ಹೇಳದ ಸಂಗತಿ ಒಂದಿತ್ತು. ಭಾಗ್ಯಾ ಬರೆದಿದ್ದ ಪೊಲೀಸ್ ಪರೀಕ್ಷೆ ಪಾಸಾಗಿತ್ತು. ದೈಹಿಕ ಪರೀಕ್ಷೆಗೆ ಗುರುವಾರ ಬೆಳಗ್ಗೆ ಧಾರವಾಡದಲ್ಲಿ ಹಾಜರಿರಬೇಕು. ನೇಪಾಳದ ಜೊತೆ ಮೊದಲ ಆಟವೂ ಗುರುವಾರವೇ.

*

ಬೆಂಚಿನ ಮೇಲೆ ಕೂರುವುದು ಎಂದರೇನು ಎಂದು ಕರಿಸಿದ್ದಪ್ಪನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಸ್ ಡಿಪೋದಲ್ಲಿ ಖಾಯಂ ಡ್ರೈವರ್ ಆಗುವ ಮೊದಲು ಅವನು ವರ್ಷಗಟ್ಟಲೆ ಬದಲಿ ಡ್ರೈವರ್ ಆಗಿದ್ದವನು. ನಸುಕಿನಲ್ಲೇ ಇಸ್ತ್ರಿ ಮಾಡಿದ ಖಾಕಿ ತೊಟ್ಟು ಡಿಪೋಕ್ಕೆ ಹೋಗಿ, ಗೇಟಿನ ಬಾಜುವಿನ ಕಲ್ಲುಹಾಸಿನ ಮೇಲೆ ಕೂರಬೇಕು. ಯಾರಾದರೂ ರಜೆ ಹಾಕಿದರೆ, ಯಾರಿಗಾದರೂ ಜ್ವರ ಬಂದರೆ ಆ ಬಸ್ಸು ಸಿಗುತ್ತದೆ. ಇಲ್ಲದಿದ್ದರೆ ಬಿಸಿಲೇರುವ ಹೊತ್ತಿಗೆ, ಮಡಿಕೆ ಮುರಿಯದ ಅದೇ ಖಾಕಿಯಲ್ಲಿ ಊರಿಗೆ ವಾಪಸು. "ಇವತ್ತೂ ಡ್ಯೂಟಿ ಇಲ್ಲೇನು?" ಎಂದು ಓಣಿಯವರು ಕೇಳುತ್ತಾರೆಂದು ಅವನು ಕೆರೆಯ ಕಡೆಯಿಂದ ಸುತ್ತು ಹಾಕಿ ಮನೆ ಸೇರುತ್ತಿದ್ದ. ಕಲ್ಲುಹಾಸಿನ ಮೇಲೆ ಕೂತವರೆಲ್ಲರ ಕಣ್ಣೂ ಗೇಟಿನ ಮೇಲೇ ಇರುತ್ತಿತ್ತು. ಬರಬೇಕಾದ ಡ್ರೈವರ್ ಬಂದರೆ ಎದೆ ಕುಸಿಯುತ್ತಿತ್ತು, ಬಾರದಿದ್ದರೆ ಹಗುರಾಗುತ್ತಿತ್ತು. ಯಾರದೋ ಮನೆಯಲ್ಲಿ ಏನೋ ಕೆಟ್ಟದ್ದಾಗಿದೆ ಎಂಬುದು ಸ್ಟಿಯರಿಂಗ್ ಹಿಡಿದು ಊರು ದಾಟಿದ ಮೇಲೆ ಅರಿವಿಗೆ ಬರುತ್ತಿತ್ತು. ಮಗಳಿಗೆ ಆ ಕಲ್ಲುಹಾಸು ಬೇಡ ಎಂಬುದೊಂದೇ ಅವನ ಹಟ.

ಹೆಂಡತಿ ಮೈಲಾರವ್ವ ಪಡಸಾಲೆಯಲ್ಲಿ ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದಳು. ಗಂಡ ಹೇಳಿದ್ದನ್ನೆಲ್ಲ ಕೇಳಿ, ಸೆರಗಿನಿಂದ ಮೂಗು ಒರೆಸಿಕೊಂಡಳು.

"ಅಕಿ ಅಲ್ಲಿ ಆಡಂಗಿಲ್ಲ ಅಂತ ಅಂಗಡಿಯಾಗ ಕುಂತಾವ್ರಿಗೂ ಗೊತ್ತೈತಿ. ಅಕಿಗೂ ಗೊತ್ತೈತಿ. ಮತ್ತ ಬರಾಕ ಏನು ಧಾಡಿ?"

"ಫೋನ್ ಹಚ್ಚು," ಎಂದ ಕರಿಸಿದ್ದಪ್ಪ.

ಭಾಗ್ಯಾಳ ದನಿಯ ಹಿಂದೆ ಹುಡುಗಿಯರ ನಗು, ತಟ್ಟೆಗಳ ಸಪ್ಪಳ ಕೇಳುತ್ತಿತ್ತು. ಅವಳು ಎದ್ದು ಬೇರೆ ಕಡೆ ಹೋದಳೆಂದು ಕಾಣುತ್ತದೆ, ಸಪ್ಪಳ ಕಡಿಮೆಯಾಯಿತು.

"ಬರ್ತೀನಪ್ಪಾ. ನೀ ಬಾ ಅಂದ್ರ ಬರ್ತೀನಿ. ಆದ್ರ ಫೋನಿನಾಗ ಹೇಳಬ್ಯಾಡ. ಇಲ್ಲಿಗೆ ಬಾ. ಒಂದು ಸಲ ನೋಡು, ನೋಡಿ ಹೇಳು. ನಿನ್ನ ಜೋಡಿನ ಬಂದುಬಿಡ್ತೀನಿ."

"ನೋಡೂದೇನೈತಿ?" ಎಂದು ಮೈಲಾರವ್ವ ಪಕ್ಕದಿಂದ ಕೂಗಿದಳು. "ನಿಮ್ಮಪ್ಪನ ಹಂಗ ಎಷ್ಟು ವರ್ಷ ಬದ್ಲಿ ಅಂತ ಕುಂದ್ರಾಕಿ ನೀ?"

"ಬುಧವಾರ ಬರ್ತೀನಿ," ಎಂದು ಕರಿಸಿದ್ದಪ್ಪ ಫೋನ್ ಇಟ್ಟ.

*

ಬುಧವಾರ ಕರಿಸಿದ್ದಪ್ಪ ಹುಬ್ಬಳ್ಳಿಯಿಂದ ಗೋವಾದ ಬೆಳಗಿನ ರೈಲು ಹಿಡಿದ. ಮೈಲಾರವ್ವ ಕಟ್ಟಿಕೊಟ್ಟ ಬುತ್ತಿಯಲ್ಲಿ ಕಟಕರೊಟ್ಟಿ, ಶೇಂಗಾ ಹಿಂಡಿ, ಭಾಗ್ಯಾಳಿಗೆಂದು ಬೇರೆ ಡಬ್ಬಿಯಲ್ಲಿ ಗೋಧಿ-ಬೆಲ್ಲದ ಸಿಹಿ ಮಾದಲಿ. ಕಾಡು, ಸುರಂಗ, ಕಣಿವೆ ಎಲ್ಲ ಕಿಟಕಿಯಲ್ಲಿ ಬಂದು ಹೋದವು. ಅವನು ಅದೊಂದನ್ನೂ ಮನಸ್ಸಿಟ್ಟು ನೋಡಲಿಲ್ಲ. ಮಗಳಿಗೆ ಹೇಳಬೇಕಾದ ಮಾತನ್ನೇ ಹೊಂದಿಸುತ್ತಿದ್ದ. ವಾಪಸು ಬರಲು ರಾತ್ರಿಯ ರೈಲಿಗೆ ಎರಡು ಸೀಟು ಈರೇಶನೇ ಹಿಡಿದುಕೊಟ್ಟಿದ್ದ, ಏತಕ್ಕೆಂದು ಕೇಳಿರಲಿಲ್ಲ. ಬುಧವಾರ ರಾತ್ರಿ ಹೊರಟರೆ ಗುರುವಾರ ಬೆಳಕು ಹರಿಯುವ ಮುಂಚೆ ಧಾರವಾಡ.

ಅಭ್ಯಾಸದ ಮೈದಾನಕ್ಕೆ ಸುತ್ತಲೂ ತಂತಿಯ ಜಾಲರಿ ಇತ್ತು. ಕಾವಲುಗಾರನಿಗೆ ತನಗೆ ಬಂದಷ್ಟು ಹಿಂದಿಯಲ್ಲಿ "ಮಗಳು ಒಳಗಿದ್ದಾಳೆ" ಎಂದು ತಿಳಿಸಿದ. ಅವನು ಹೊರಗಿನ ಕಟ್ಟೆಯೊಂದನ್ನು ತೋರಿಸಿದ. ಭಾಗ್ಯಾ ದೂರದಿಂದಲೇ ಅಪ್ಪನನ್ನು ಕಂಡು ಕೈ ಎತ್ತಿದಳು. ಕೈಗವಸು ತೊಟ್ಟ ಆ ಕೈ ಅವನಿಗೆ ವಿಪರೀತ ದೊಡ್ಡದಾಗಿ ಕಂಡಿತು.

ಮೂವರು ಗೋಲ್‌ಕೀಪರುಗಳು ಒಂದು ಮೂಲೆಯಲ್ಲಿದ್ದರು. ಮಣಿಪುರದ ಹುಡುಗಿ ಗೋಲಿನಲ್ಲಿ ನಿಂತರೆ ಭಾಗ್ಯಾ ಅವಳಿಗೆ ಚೆಂಡು ಒದೆಯುವಳು. ಸೆಲ್ವಿ ನಿಂತರೂ ಭಾಗ್ಯಾಳೇ ಒದೆಯುವಳು. ತಾನು ನಿಲ್ಲುವ ಸರದಿ ಬಂದಾಗ ಒಂದಿಷ್ಟು ಚೆಂಡು ಹಿಡಿದು, ಮತ್ತೆ ಈಚೆ ಬರುವಳು. ಕರಿಸಿದ್ದಪ್ಪ ನೋಡುತ್ತಲೇ ಇದ್ದ. ನೋಡಿದಷ್ಟೂ ಡಿಪೋದ ಗೇಟೇ ಅವನ ಕಣ್ಣಿಗೆ ಕಟ್ಟುತ್ತಿತ್ತು. ತಾನು ಹೊಂದಿಸಿಕೊಂಡು ಬಂದ ಮಾತುಗಳೆಲ್ಲ ಸರಿಯಾಗಿಯೇ ಇವೆ ಅನ್ನಿಸಿತು.

ಅಷ್ಟರಲ್ಲಿ ಸೆಲ್ವಿ ಎಡಕ್ಕೆ ಜಿಗಿದು ಚೆಂಡು ತಡೆದವಳು ಏಳಲಿಲ್ಲ. ಪಟ್ಟಿ ಕಟ್ಟಿದ ಮೊಣಕಾಲನ್ನು ಎರಡೂ ಕೈಯಿಂದ ಹಿಡಿದು ಹುಲ್ಲಿನ ಮೇಲೆ ಹೊರಳಿದಳು. ಕರಿಸಿದ್ದಪ್ಪನಿಗೆ ತಾನು ಕಟ್ಟೆಯಿಂದ ಎದ್ದು ನಿಂತದ್ದೇ ತಿಳಿಯಲಿಲ್ಲ. ಎದೆ ಹಗುರಾಗಿತ್ತು. ಇಷ್ಟು ವರ್ಷಗಳ ಮೇಲೆ, ಅದೇ ರೀತಿ, ಅಷ್ಟೇ ಥಟ್ಟನೆ. ಯಾರ ಮಗಳೋ ಅಲ್ಲಿ ನೋವಿನಿಂದ ಹಲ್ಲು ಕಚ್ಚಿಕೊಂಡಿರುವುದು ಕಣ್ಣಿಗೆ ಬಿದ್ದದ್ದು ಆಮೇಲೆ. ಅವನು ಜಾಲರಿ ಹಿಡಿದು ತಲೆ ತಗ್ಗಿಸಿದ.

ಮತ್ತೆ ತಲೆ ಎತ್ತಿದಾಗ ಭಾಗ್ಯಾ ಸೆಲ್ವಿಯ ತೋಳಿನ ಕೆಳಗೆ ಹೆಗಲು ಕೊಟ್ಟು ಅವಳನ್ನು ಗೆರೆಯ ಆಚೆ ತರುತ್ತಿದ್ದಳು. ಕೂರಿಸಿ, ಓಡಿಹೋಗಿ ಐಸಿನ ಚೀಲ ತಂದು, ಎದುರಿಗೆ ಮೊಣಕಾಲೂರಿ ಕೂತು ಪಟ್ಟಿ ಬಿಚ್ಚಿ ಹಿಡಿದಳು. ಕೋಚ್ ಮೇಡಂ ಬಂದು ಏನೋ ಕೇಳಿದರು. ಭಾಗ್ಯಾ ಬೆರಳಿನಿಂದ ತನ್ನನ್ನೇ ತೋರಿಸಿಕೊಂಡು ಉತ್ತರ ಹೇಳಿದಳು. ಅಲ್ಲಿಂದ ಮುಂದಕ್ಕೆ ಉಳಿದ ಹುಡುಗಿಯರೆಲ್ಲ ಸಾಲಾಗಿ ಬಂದು ಗೋಲಿಗೆ ಒದ್ದರು, ಭಾಗ್ಯಾ ಒಬ್ಬಳೇ ನಿಂತಳು. ಬಿದ್ದಳು, ಎದ್ದಳು, ಮತ್ತೆ ಬಿದ್ದಳು. ಚೆಂಡು ಒಳಗೆ ಹೋದರೆ ಒದ್ದವಳಿಗೆ ಚಪ್ಪಾಳೆ ತಟ್ಟುತ್ತಿದ್ದಳು.

*

ಅಭ್ಯಾಸ ಮುಗಿದ ಮೇಲೆ ಅವಳು ಹೊರಗೆ ಬಂದಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ಹುಲ್ಲಿನ ಹಸಿರು ಮೆತ್ತಿತ್ತು. ಕಟ್ಟೆಯ ಮೇಲೆ ಅಪ್ಪನ ಪಕ್ಕದಲ್ಲಿ ಕೂತು ಡಬ್ಬಿ ತೆಗೆದು ಮಾದಲಿಯನ್ನು ಮುಕ್ಕತೊಡಗಿದಳು.

"ಆ ಹುಡುಗಿಗೆ ಭಾಳ ಪೆಟ್ಟಾತೇನು?"

"ಇಲ್ಲಪ್ಪಾ. ನಾಳೆ ಆಡ್ತಾಳ. ಇವತ್ತೊಂದು ಹೊತ್ತು ಕಾಲಿಗೆ ಆರಾಮ ಬೇಕಿತ್ತು. ಅಕಿ ಪಾಲಿಂದೂ ನಾನ ನಿಂದ್ರತೀನಿ ಅಂತ ಮೇಡಂಗ ಹೇಳಿದೆ."

ಕರಿಸಿದ್ದಪ್ಪ ಮಗಳ ಮುಖ ನೋಡದೆ ಕೇಳಿದ: "ಅಕಿ ಬಿದ್ದಾಗ ನಿನಗ ಏನೂ ಅನಿಸಲಿಲ್ಲೇನು? ಅಕಿ ಕುಂತ್ರ ನಿನಗ ಜಾಗ ಸಿಗತಿತ್ತಲ್ಲ."

ಭಾಗ್ಯಾ ಮುಕ್ಕುವುದನ್ನು ನಿಲ್ಲಿಸಿದಳು. ಅಪ್ಪ ಯಾಕೆ ಕೇಳುತ್ತಿದ್ದಾನೆಂದು ಅಳೆಯುವವಳಂತೆ ಅವನನ್ನು ನೋಡಿದಳು.

"ಅನಿಸ್ತೈತಿ," ಎಂದಳು. "ಅನಿಸಂಗಿಲ್ಲ ಅಂದ್ರ ಸುಳ್ಳ ಹೇಳಿದಂಗ. ಅನಿಸಿದ ಕೂಡ್ಲೆ ಎದ್ದು ಹೋಗಿ ಐಸ್ ತರ್ತೀನಿ. ಕುಂತಲ್ಲೇ ಕುಂತ್ರ ಅದು ದೊಡ್ಡದಾಕ್ಕೋತ ಹೋಗತೈತಪ್ಪಾ."

ರಸ್ತೆಯಲ್ಲಿ ಮೀನಿನ ಬುಟ್ಟಿ ಹೊತ್ತ ಸ್ಕೂಟರ್ ಒಂದು ಹಾರ್ನ್ ಹಾಕುತ್ತ ಹೋಯಿತು.

"ನೀ ಇಲ್ಲಿಂದ ಬಂದ್ರ ನಿನ್ನ ಜಾಗಕ್ಕ ಯಾರು?"

"ಒಡಿಶಾದಾಗ ಒಬ್ಬಾಕಿ ಅದಾಳ. ಫೋನ್ ಹೋದ್ರ ಮುಂಜಾನಿ ಅನ್ನೂದ್ರಾಗ ಬರ್ತಾಳ. ಅಕಿನೂ ದಿನಾ ಕಾಯ್ತಿರ್ತಾಳ." ಅವಳು ಡಬ್ಬಿಯ ಮುಚ್ಚಳ ಹಾಕಿದಳು. "ಅಪ್ಪಾ, ಬರೂದಾದ್ರ ಮೇಡಂಗ ಈಗ ಹೇಳಬೇಕು. ಬ್ಯಾಗ್ ಕಟ್ಟಾಕ ಹತ್ತು ಮಿನಿಟು ಸಾಕು. ನಾ ಅಳೂದಿಲ್ಲ, ಅದರ ಚಿಂತಿ ಮಾಡಬ್ಯಾಡ. ಪರೀಕ್ಷಾನೂ ಚಲೋ ಮಾಡ್ತೀನಿ."

ಕರಿಸಿದ್ದಪ್ಪ ರೈಲಿನಲ್ಲಿ ಹೊಂದಿಸಿದ್ದ ಮಾತುಗಳನ್ನು ಹುಡುಕಿದ. ಖಾಯಂ ನೌಕರಿ, ತಿಂಗಳ ಪಗಾರ, ಯಾರ ಗೇಟನ್ನೂ ಕಾಯದ ಬಾಳು. ಒಂದೂ ಸುಳ್ಳಾಗಿರಲಿಲ್ಲ. ಆದರೆ ಅವೆಲ್ಲ ತನ್ನ ಕಲ್ಲುಹಾಸಿನ ಮೇಲಿಂದ ಎದ್ದ ಮಾತುಗಳು. ಅದರ ಮೇಲೆ ಕೂತಿದ್ದವನು ತಾನು. ಈ ಹುಡುಗಿ ಅಲ್ಲಿ ಕೂತೇ ಇರಲಿಲ್ಲ.

"ಮೇಡಂಗ ಏನೂ ಹೇಳಬ್ಯಾಡ," ಎಂದ.

"ಅಪ್ಪಾ, ವಿಚಾರ ಮಾಡಿ ಹೇಳು. ಮತ್ತ ಕರೀತಾರೋ ಇಲ್ಲೋ ಗೊತ್ತಿಲ್ಲ. ನಾಳೆ ನಾ ಆಡೂದೂ ಇಲ್ಲ."

"ಗೊತ್ತೈತಿ. ಎದ್ದೇಳು, ಒಳಗ ಹೋಗು. ಆ ಹುಡುಗಿಗೂ ಒಂದೀಟು ಮಾದಲಿ ಕೊಡು."

ಅವಳು ಡಬ್ಬಿ ಎದೆಗವಚಿಕೊಂಡು ಗೇಟಿನ ತನಕ ನಡೆದಳು. ಅಲ್ಲಿ ನಿಂತು, ತಿರುಗಿ ಓಡಿಬಂದು, ಹಸಿರು ಮೆತ್ತಿದ ಅದೇ ಕೈಯಿಂದ ಅಪ್ಪನ ಹೆಗಲನ್ನು ಗಟ್ಟಿಯಾಗಿ ಹಿಡಿದು, ಮತ್ತೆ ಓಡಿಹೋದಳು.

ಮೈಲಾರವ್ವನಿಗೆ ಹೇಳುವುದು ಇದಕ್ಕಿಂತ ಕಷ್ಟವಿತ್ತು. ಫೋನಿನಲ್ಲಿ ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

"ಕರಕೊಂಡು ಬರ್ತೀನಂತ ಹೋದಾವ ನೀ," ಎಂದಳು.

"ಹೌದು."

"ನಾಳೆ ಅಕಿ ನೌಕರಿಲ್ಲದ ಒದ್ದಾಡಾಕತ್ರ ನನ್ನ ಹತ್ರ ಬರಬ್ಯಾಡ್ರಿ, ಅಪ್ಪ ಮಗಳು ಇಬ್ಬರೂ."

"ಆತು."

ಫೋನ್ ಇಡುವ ಮೊದಲು, "ರೊಟ್ಟಿ ತಿಂದಿಯೇನು?" ಎಂದು ಕೇಳಿದಳು.

*

ಗುರುವಾರ ಸಂಜೆ ಕರಿಸಿದ್ದಪ್ಪ ಮೈದಾನದ ಮೆಟ್ಟಿಲುಗಳ ಮೇಲೆ, ಮಕ್ಕಳು ಮರಿ ಕಟ್ಟಿಕೊಂಡು ಬಂದ ಗೋವಾದ ಸಂಸಾರಗಳ ನಡುವೆ ಕೂತಿದ್ದ. ರಾಷ್ಟ್ರಗೀತೆಗೆ ಎಲ್ಲರೂ ಎದ್ದು ನಿಂತಾಗ, ಗೆರೆಯ ಆಚೆ ಬೆಂಚಿನ ಮುಂದೆ ಸಾಲಾಗಿ ನಿಂತವರಲ್ಲಿ ತುದಿಯಲ್ಲಿದ್ದವಳು ಭಾಗ್ಯಾ. ಅರ್ಧ ಆಟದ ಹೊತ್ತಿಗೆ ಭಾರತ ಒಂದು ಗೋಲು ಹೊಡೆದಿತ್ತು. ಆಗ ಫಯಾಜನ ಫೋನ್ ಬಂತು. ಅಂಗಡಿ ತುಂಬ ಜನವಿದ್ದಂತಿತ್ತು.

"ಕಾಕಾ! ಭಾಗ್ಯಾ ಟಿವಿಯಾಗ ಕಂಡ್ಳು! ನೀರಿನ ಬಾಟ್ಲಿ ಕೊಡಾಕ ಬಂದಿದ್ಲು, ಅಗದಿ ಹತ್ರದಿಂದ ತೋರ್ಸಿದ್ರು!"

ಹಿಂದಿನಿಂದ ಸಂಗನಬಸವನ ದನಿ: "ಬದಲಿ ಎಷ್ಟು ಉಳದಾವಂತ ಕೇಳು! ಎಷ್ಟು ಉಳದಾವು?"

ದ್ವಿತೀಯಾರ್ಧಕ್ಕೆ ಮಣಿಪುರದ ಹುಡುಗಿಯ ಬದಲು ಸೆಲ್ವಿ ಇಳಿದಳು. ಒಳಗೆ ಹೋಗುವ ಮುಂಚೆ ಭಾಗ್ಯಾ ಅವಳ ಮೊಣಕಾಲಿನ ಪಟ್ಟಿಯನ್ನು ಬಗ್ಗಿ ನೋಡಿ, ಬೆನ್ನಿಗೆ ಒಂದು ಗುದ್ದು ಕೊಟ್ಟು ಕಳಿಸಿದಳು. ಒಬ್ಬೊಬ್ಬರಾಗಿ ಬದಲಿಗಳು ಇಳಿಯುತ್ತ ಬಂದರು. ಕೊನೆಯದೊಂದು ಉಳಿದಾಗ ಕೋಚ್ ಮೇಡಂ ಬೆಂಚಿನತ್ತ ತಿರುಗಿದರು. ಕರಿಸಿದ್ದಪ್ಪ ಮೆಟ್ಟಿಲ ಅಂಚಿಗೆ ಸರಿದ. ಜೇಬಿನಲ್ಲಿ ಮೊಬೈಲು ಒಂದೇ ಸಮನೆ ನಡುಗುತ್ತಿತ್ತು, ತೆಗೆಯಲಿಲ್ಲ. ಅದೇ ಹೊತ್ತಿಗೆ ಎಡಗಡೆಯ ಡಿಫೆಂಡರ್ ಮೀನಖಂಡ ಹಿಡಿದುಕೊಂಡು ಕೂತುಬಿಟ್ಟಳು. ನಡುವಿನ ಸಾಲಿನ ಹುಡುಗಿಯೊಬ್ಬಳು ಜಾಕೆಟ್ ಕಳಚಿ ಅವಳ ಜಾಗಕ್ಕೆ ಓಡಿದಳು. ಬದಲಿಗಳು ಅಲ್ಲಿಗೆ ಮುಗಿದವು. ಅಲ್ಪ ಹೊತ್ತಿನಲ್ಲೇ ನೇಪಾಳದವರು ಆ ಎಡಗಡೆಯಿಂದಲೇ ನುಗ್ಗಿ ಬಂದು ಒಂದು ಗೋಲು ಹೊಡೆದರು. ಆಟ ಸಮ ಸಮ ಮುಗಿಯಿತು.

ಜನ ಎದ್ದರು. ಆಡಿದವರು ಎದುರಾಳಿಗಳ ಕೈ ಕುಲುಕಿ, ಬಾಟಲಿಗಳನ್ನು ತಲೆಗೆ ಸುರಿದುಕೊಳ್ಳುತ್ತ ಒಳಗೆ ಹೋದರು. ಕರಿಸಿದ್ದಪ್ಪನೂ ಚೀಲ ಹೆಗಲಿಗೇರಿಸಿದ. ಅಷ್ಟರಲ್ಲಿ ತಂಡದ ಸಹಾಯಕನೊಬ್ಬ ಖಾಲಿ ಮೈದಾನಕ್ಕೆ ಇಳಿದು, ಟೊಪ್ಪಿಗೆಯಂಥ ಕಿತ್ತಳೆ ಬಣ್ಣದ ಗುರುತುಗಳನ್ನು ಈ ತುದಿಯಿಂದ ಆ ತುದಿಗೆ ಇಡುತ್ತ ಹೋದ. ಬೆಂಚಿನ ಹಿಂದಿನಿಂದ ಒಂದಿಷ್ಟು ಹುಡುಗಿಯರು ಬಂದು ಗೆರೆಯ ಮೇಲೆ ಸಾಲಾಗಿ ನಿಂತರು. ಆಟ ಸಿಗದವರು, ತುದಿಯಲ್ಲಿ ಭಾಗ್ಯಾ. ಬೂಟಿನ ದಾರ ಬಿಗಿದುಕೊಂಡರು. ಸೀಟಿ ಊದಿದ ಕೂಡಲೇ ಒಟ್ಟಿಗೆ ಓಡಿದರು, ಆ ತುದಿ ಮುಟ್ಟಿ ತಿರುಗಿದರು, ಮತ್ತೆ ಓಡಿದರು.

"ಇವರು ಆಡಿಲ್ಲವಲ್ಲ, ಅದಕ್ಕೆ. ದಮ್ಮು ಉಳಿಯಬೇಕಲ್ಲ," ಎಂದು ಕಸ ಗುಡಿಸುತ್ತ ಬಂದ ಮುದುಕನೊಬ್ಬ ಹಿಂದಿಯಲ್ಲಿ ಹೇಳಿ, ಅವನ ಕಾಲಬುಡದ ಕಾಗದಗಳನ್ನು ಎತ್ತಿಕೊಂಡು ಮುಂದೆ ಹೋದ.

ಕರಿಸಿದ್ದಪ್ಪ ಚೀಲವನ್ನು ಮೆಟ್ಟಿಲ ಮೇಲಿಟ್ಟು ಮತ್ತೆ ಕೂತ. ಮೈದಾನದ ಆ ತುದಿಯ ದೀಪಗಳನ್ನು ಆಗಲೇ ಆರಿಸಿದ್ದರು. ಹುಡುಗಿಯರು ಅರ್ಧ ದೂರ ಬೆಳಕಿನಲ್ಲಿ ಓಡಿ, ಇನ್ನರ್ಧ ಕತ್ತಲೆಯಲ್ಲಿ ಕಾಣದಾಗಿ, ಹುಲ್ಲಿನ ಮೇಲೆ ಬೂಟಿನ ಸಪ್ಪಳವಷ್ಟೇ ಕೇಳುತ್ತಿದ್ದು, ಮತ್ತೆ ಒಬ್ಬೊಬ್ಬರಾಗಿ ಬೆಳಕಿಗೆ ಬರುತ್ತಿದ್ದರು.